ಕಲ್ಲಪ್ಪಣ್ಣ ಬರೆಸಿದ ಅರ್ಜಿ

ಕಳೆದ ಫೆಬ್ರುವರಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳ ಮದುವೆಗೆಂದು ಬೈಲಹೊಂಗಲಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ಆಟೋದವನು ಹತ್ತಿರದ ದಾರಿ ಎಂದು ಹಿಂದಿನ ಓಣಿಯೊಳಗಿಂದ ಕರೆದೊಯ್ದ. ಒಂದು ಎಣ್ಣೆ ಮಿಲ್ಲಿನ ಗೋಡೆ ದಾಟುವಾಗ ಬಿಸಿಯಾದ ಹತ್ತಿಕಾಳಿನ ವಾಸನೆ ಬಂತು. ಜಿಡ್ಡಿನ ವಾಸನೆ, ಸ್ವಲ್ಪ ಕಮಟು, ಅದರ ಬೆನ್ನಿಗೇ ಕಲ್ಲಿದ್ದಲ ಹೊಗೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪಕ್ಕದಲ್ಲಿ ಕೂತಿದ್ದ ಸೊಸೆ, ವಾಸನೆ ತಡೆಯುವುದಿಲ್ಲವೇ ಎಂದು ಕೇಳಿದಳು. ಹೌದು ಎಂದಷ್ಟೇ ಹೇಳಿದೆ. ಆ ವಾಸನೆಯೊಳಗೆ ನಾನು ಒಂದು ವರ್ಷ ಇದ್ದೆ ಎಂಬುದನ್ನು ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳಿದವಳಲ್ಲ. ಈಗ ಬರೆಯುತ್ತಿದ್ದೇನೆ.

ಎಪ್ಪತ್ತೆರಡರ ದೊಡ್ಡ ಬರಗಾಲ ಮುಗಿದು ಎರಡು ವರ್ಷವಾಗಿತ್ತು. ಧಾರವಾಡದಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿದ ನನಗೆ ಬೈಲಹೊಂಗಲದ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆಗ ನನಗೆ ಇಪ್ಪತ್ತೆರಡು. ನಮ್ಮೂರು ರಾಮದುರ್ಗದ ಆಚೆ ತೊರಗಲ್. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ನನ್ನನ್ನು ಓದಿಸಿದವನು ಅವ್ವನ ತಮ್ಮ, ನಾಮದೇವ ಮಾಮಾ. ನಮ್ಮ ಮಂದಿ ಬೌದ್ಧರಾದ ಕಾಲಕ್ಕೆ ನಮ್ಮ ಸುತ್ತಿನ ಊರುಗಳಲ್ಲಿ ಮನೆಮನೆಗೆ ಹೋಗಿ, ಹುಡುಗಿಯರನ್ನೂ ಸಾಲಿಗೆ ಕಳಿಸಿರೆಂದು ಹೇಳಿದವನು ಅವನೇ. ಬೈಲಹೊಂಗಲದಲ್ಲಿ ಹತ್ತಿಯಿಂದ ಕಾಳು ಬೇರ್ಪಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕೂಲಿಯವನಾಗಿ ಸೇರಿ, ತೂಕ ಬರೆಯುವವನಾಗಿ, ಆಮೇಲೆ ಸೂಪರ್‌ವೈಜರ್ ಆಗಿದ್ದ. ಮಾಲೀಕರು ಹುಬ್ಬಳ್ಳಿಯಲ್ಲಿರುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಕಾರಿನಲ್ಲಿ ಬಂದು ಹೋಗುತ್ತಿದ್ದರು. ಉಳಿದ ದಿನವೆಲ್ಲ ಆಫೀಸಿನ ಕುರ್ಚಿಯ ಮೇಲೆ ಮಾಮಾ. ಅವನು ಬಿಳಿ ಪೈಜಾಮ, ಕರಿ ಕೋಟು ಹಾಕಿಕೊಂಡು ಓಣಿಯಲ್ಲಿ ನಡೆದು ಬಂದರೆ ನಮ್ಮ ಮಂದಿಗೆ ಏನೋ ಧೈರ್ಯ.

ಮಾಮಾನ ಮನೆ ಎರಡು ಖೋಲಿಯದು, ಮಕ್ಕಳು ಐದು. ಅದಕ್ಕೆ ಅವನು ನನ್ನನ್ನು ಅದೇ ಓಣಿಯ ಕಲ್ಲಪ್ಪಣ್ಣನ ಮನೆಯಲ್ಲಿ ಇರಿಸಿದ. ಕಲ್ಲಪ್ಪಣ್ಣ ಆ ಫ್ಯಾಕ್ಟರಿಯ ಬಾಯ್ಲರ್ ನೋಡಿಕೊಳ್ಳುವವನು. ಹೆಂಡತಿ ರತ್ನವ್ವ ಅಲ್ಲೇ ಜಿನ್ನಿಗೆ ಹತ್ತಿ ಉಣಿಸುವ ಕೆಲಸ ಮಾಡುತ್ತಿದ್ದಳು. ಮಕ್ಕಳಿರಲಿಲ್ಲ. ಇಬ್ಬರೂ ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಹಿರಿಯರು. ರತ್ನವ್ವ ನನ್ನನ್ನು ತಂಗಿ ಎಂದು ಕರೆದರೆ, ಕಲ್ಲಪ್ಪಣ್ಣ ಮಾತ್ರ ಸಾಲಿ ಕಲಿಸುವವಳೆಂದು ಅಕ್ಕೋರ ಎಂದೇ ಕರೆಯುತ್ತಿದ್ದ.

ಆ ಊರಿಗೆ ಕರೆಂಟು ಬಂದು ಬಹಳ ದಿನಗಳಾಗಿದ್ದವು. ಆದರೂ ಆ ಫ್ಯಾಕ್ಟರಿಯಲ್ಲಿ ಜಿನ್ನುಗಳು ಇನ್ನೂ ಉಗಿಯ ಮೇಲೇ ನಡೆಯುತ್ತಿದ್ದವು. ಹಗಲೆಲ್ಲ ಕರೆಂಟು ಹೋಗಿ ಬಂದು ಮಾಡುತ್ತಿದ್ದ ಕಾಲ. ಉಗಿಯಾದರೆ ನಮ್ಮ ಕೈಯಲ್ಲಿರುತ್ತದೆ ಎಂದು ಮಾಲೀಕರ ಲೆಕ್ಕ. ಮಹಾಶಿವರಾತ್ರಿ ಮುಗಿದರೆ ಸೀಜನ್ ಶುರು. ಸವದತ್ತಿ ಕಡೆಯಿಂದ, ರಾಮದುರ್ಗದ ಕಡೆಯಿಂದ ಹತ್ತಿಯ ಅಂಡಿಗೆ ಹೇರಿಕೊಂಡು ಚಕ್ಕಡಿಗಳು ಸಾಲುಹಿಡಿದು ಬರುತ್ತಿದ್ದವು. ಬೆಳಗ್ಗೆ ಏಳಕ್ಕೆ ಫ್ಯಾಕ್ಟರಿಯ ಉಗಿಯ ಭೋಂಗಾ ಕೂಗಿದರೆ ಊರೇ ಎದ್ದು ಕೂಡುತ್ತಿತ್ತು. ಕಲ್ಲಪ್ಪಣ್ಣ ಅದಕ್ಕೂ ಮೂರು ತಾಸು ಮೊದಲೇ ಹೋಗಿ ಬೆಂಕಿ ಹಾಕಿರುತ್ತಿದ್ದ.

ಅವನು ವಯಸ್ಸಿಗೆ ಬಂದ ಹೊಸದರಲ್ಲಿ ಹುಬ್ಬಳ್ಳಿಯ ರೈಲ್ವೆ ಶೆಡ್ಡಿನಲ್ಲಿ ಇಂಜಿನ್ ಒರೆಸುವ ಕೆಲಸ ಮಾಡಿದ್ದ. ಉಗಿಯ ವಿದ್ಯೆ ಅಲ್ಲಿ ಕಲಿತದ್ದು. ಬಾಯ್ಲರ್ ನಡೆಸುವ ಎರಡನೇ ದರ್ಜೆಯ ಸರ್ಟಿಫಿಕೇಟ್ ಅವನಲ್ಲಿತ್ತು. ಮೊದಲ ದರ್ಜೆಯ ಪರೀಕ್ಷೆಗೆ ಕೂಡಬೇಕೆಂದು ಆಸೆ. ಅಕ್ಷರ ಕೂಡಿಸಿ ಓದುತ್ತಿದ್ದನಾದರೂ ಬೇಗ ಓದಲು ಬರುತ್ತಿರಲಿಲ್ಲ. ಹೀಗಾಗಿ ಸಂಜೆ ಊಟದ ಮೊದಲು ಕಟ್ಟೆಯ ಮೇಲೆ ಕೂತು ನಾನು ಪರೀಕ್ಷೆಯ ಪುಸ್ತಕ ಓದುವುದು, ಅವನು ಕೇಳುವುದು. ಪುಸ್ತಕದಲ್ಲಿ ಒಂದು ಸಾಲಿನಲ್ಲಿದ್ದದ್ದನ್ನು ಅವನು ಒಂದು ತಾಸು ಬಿಡಿಸಿ ಹೇಳುತ್ತಿದ್ದ. ಅವನಿಂದಾಗಿ ನನಗೂ ಬಾಯ್ಲರ್ ತಿಳಿಯತೊಡಗಿತು. ನೀರು ಕಡಿಮೆಯಾದರೆ ಏನಾಗುತ್ತದೆ, ತಗಡು ತುಕ್ಕು ಹಿಡಿದು ತೆಳುವಾದರೆ ಏನಾಗುತ್ತದೆ, ಉಗಿ ಮಿತಿ ಮೀರಿದಾಗ ತಾನೇ ತೆರೆದುಕೊಂಡು ಹೊರಗೆ ಬಿಡುವ ಸೇಫ್ಟಿ ವಾಲ್ವ್ ಎಂದರೆ ಏನು, ಎಲ್ಲ. ಆ ಫ್ಯಾಕ್ಟರಿಯ ವಾಲ್ವ್ ಹಳೆಯ ಕಾಲದ್ದು. ಉದ್ದನೆಯ ಸಲಾಕೆ, ಅದರ ತುದಿಗೆ ಕಬ್ಬಿಣದ ಗುಂಡು. ಉಗಿ ಗುಂಡಿನ ಭಾರಕ್ಕಿಂತ ಹೆಚ್ಚಾದರೆ ಸಲಾಕೆ ಏಳುತ್ತದೆ, ಉಗಿ ಹೊರಗೆ ಹೋಗುತ್ತದೆ. ಅಷ್ಟೇ.

ಶೆಡ್ಡಿನ ಮುದುಕ ಡ್ರೈವರುಗಳಿಂದ ಕೇಳಿದ ಕಥೆಗಳನ್ನು ಅವನು ಹೇಳುತ್ತಿದ್ದ. ಘಾಟಿನ ಏರಿಯಲ್ಲಿ ಗಾಡಿ ಎಳೆಯದೆಂದು ವಾಲ್ವಿಗೆ ತಂತಿ ಸುತ್ತಿದ ಡ್ರೈವರ್, ತುದಿ ಮುಟ್ಟುವ ಮೊದಲೇ ಇಂಜಿನ್ನಿನ ಹೊಟ್ಟೆ ಹರಿದು ಅವನ ಟೊಪ್ಪಿಗೆ ಮಾತ್ರ ಸಿಕ್ಕದ್ದು. ಇನ್ನೊಂದು ಹಡಗಿನ ಕಥೆ. ಮುಂದಿನ ಹಡಗನ್ನು ಹಿಂದೆ ಹಾಕಬೇಕೆಂದು ಹೋಗಿ ನಡುಹೊಳೆಯಲ್ಲಿ ಒಡೆದು ಮುಳುಗಿದ್ದು. ಪ್ರತಿ ಕಥೆಯ ಕೊನೆಗೂ ಅವನದು ಒಂದೇ ಮಾತು: ಬಾಯ್ಲರ್ ತಾನಾಗಿ ಒಡೆಯುವುದಿಲ್ಲ, ಯಾರೋ ಅವಸರ ಮಾಡಿರುತ್ತಾರೆ.

ಸೀಜನ್ ಆರಂಭವಾಗಿ ಮೂರು ವಾರವಾಗಿತ್ತು. ಕಲ್ಲಪ್ಪಣ್ಣನ ಮಾತು ಕಡಿಮೆಯಾಯಿತು. ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ರತ್ನವ್ವ ಕೇಳಿದರೆ ಸೆಕೆ ಎನ್ನುತ್ತಿದ್ದ. ಒಂದು ಸಂಜೆ ಪುಸ್ತಕ ಬೇಡವೆಂದ. ಒಂದು ಅರ್ಜಿ ಬರೆಯಬೇಕು, ಮಾಲೀಕರಿಗೆ, ಚೆಂದದ ಅಕ್ಷರದಲ್ಲಿ, ಎರಡು ಪ್ರತಿ ಎಂದ. ನಾನು ಶಾಲೆಯಿಂದ ತಂದಿದ್ದ ಕಾರ್ಬನ್ ಹಾಳೆ ಇಟ್ಟು ಬರೆದೆ.

ಅವನು ಹೇಳಿದ್ದು ಎರಡು ಸಂಗತಿ. ಬಾಯ್ಲರಿನ ಕೆಳಗೆ, ಇಟ್ಟಿಗೆ ಕಟ್ಟಿದ ಮಗ್ಗುಲಲ್ಲಿ ತಗಡು ಜಿನುಗುತ್ತಿದೆ. ಎರಡು ಇಟ್ಟಿಗೆ ತೆಗೆದು ನೋಡಿದ್ದೇನೆ, ಬಿಳಿ ಉಪ್ಪು ಕಟ್ಟಿದೆ, ಉಗುರಿನಿಂದ ಕೆರೆದರೆ ತುಕ್ಕು ಪದರು ಪದರಾಗಿ ಉದುರುತ್ತದೆ. ಅದನ್ನು ನಿಲ್ಲಿಸಿ ಇನ್‌ಸ್ಪೆಕ್ಟರಿಗೆ ತೋರಿಸಬೇಕು. ಎರಡನೆಯದು, ಉಗಿ ಸೋರಿ, ಹತ್ತಿಯನ್ನು ಒತ್ತಿ ಬೇಲು ಕಟ್ಟುವ ಪ್ರೆಸ್ಸಿಗೆ ಸಾಲುವುದಿಲ್ಲವೆಂದು ಆಫೀಸಿನ ಅಪ್ಪಣೆಯಂತೆ ಸೇಫ್ಟಿ ವಾಲ್ವಿನ ಸಲಾಕೆಗೆ ಹೆಚ್ಚಿನ ಕಬ್ಬಿಣ ತೂಗುಹಾಕಲಾಗಿದೆ. ಇದಕ್ಕೆ ನನ್ನ ಒಪ್ಪಿಗೆ ಇಲ್ಲ.

ಅಪ್ಪಣೆ ಮಾಡಿದವರು ಯಾರು, ಹೆಸರು ಬರೆಯಲೇ ಎಂದು ಕೇಳಿದೆ.

"ಹೆಸರು ಬ್ಯಾಡ್ರಿ ಅಕ್ಕೋರ. ಆಫೀಸು ಅಂತ ಬರೀರಿ, ಸಾಕು."

ಆಫೀಸು ಎಂದರೆ ಹುಬ್ಬಳ್ಳಿಯ ಮಾಲೀಕರು ಎಂದುಕೊಂಡೆ ನಾನು. ಅವನು ಮೂರು ಸಲ ಓದಿಸಿ ಕೇಳಿ, ಎರಡೂ ಪ್ರತಿಯ ಮೇಲೆ ಒತ್ತಿ ಸಹಿ ಮಾಡಿದ. ಮೇಲಿನ ಪ್ರತಿಯನ್ನು ಮರುದಿನ ಮಾಮಾನ ಕೈಗೆ ಕೊಟ್ಟ, ಮಾಲೀಕರಿಗೆ ತಲುಪಿಸಲಿ ಎಂದು. ಕಾರ್ಬನ್ ಪ್ರತಿಯನ್ನು ನನ್ನ ಟ್ರಂಕಿನಲ್ಲಿ ಇಡಲು ಹೇಳಿದ. ಅವನ ಮನೆಯಲ್ಲಿ ಬೀಗವಿದ್ದ ಪೆಟ್ಟಿಗೆ ಅದೊಂದೇ. ಒಂದು ವಾರ ಕಳೆಯಿತು, ಎರಡಾಯಿತು. ಏನಾಯಿತೆಂದು ನಾನು ಕೇಳಿದಾಗ, ಕಳಿಸಿದ್ದೇನೆ, ಉತ್ತರ ಬರುತ್ತದೆ ಎಂದು ದಾದಾ ಹೇಳಿದರು ಎಂದ. ಮಾಮಾನನ್ನು ಅವನು ದಾದಾ ಎನ್ನುತ್ತಿದ್ದ.

ಯುಗಾದಿ ಮುಗಿದ ವಾರ ಅದು ನಡೆಯಿತು. ಬೇಸಿಗೆಯೆಂದು ನಮ್ಮದು ಮುಂಜಾನೆ ಶಾಲೆ. ಮೂರನೇ ಇಯತ್ತೆಯ ಹುಡುಗಿಯರಿಂದ ಏಳರ ಮಗ್ಗಿ ಹೇಳಿಸುತ್ತಿದ್ದೆ. ಒಮ್ಮೆಲೇ ನೆಲ ಅಲುಗಿತು, ಆಮೇಲೆ ಸಪ್ಪಳ ಬಂತು. ಮೇಲಿನಿಂದ ಎರಡು ಹಂಚು ಬಿದ್ದವು. ಹುಡುಗಿಯರು ಕಿರುಚಲೂ ಇಲ್ಲ, ಎಲ್ಲರೂ ನನ್ನ ಮುಖ ನೋಡಿದರು. ಹೊರಗೆ ಬಂದಾಗ ಊರಿನ ಪೂರ್ವಕ್ಕೆ ಬಿಳಿಯ ಮೋಡವೊಂದು ಏಳುತ್ತಿತ್ತು. ಅದು ಉಗಿ. ಸ್ವಲ್ಪ ಹೊತ್ತಿಗೆ ಅದರ ಬುಡದಲ್ಲಿ ಕರಿ ಹೊಗೆ ಕಾಣಿಸಿತು. ಹತ್ತಿಗೆ ಬೆಂಕಿ ಬಿದ್ದಿತ್ತು.

ನಾನು ಓಡಿದೆ. ಚಿಮಣಿ ನಿಂತಿತ್ತು, ಅದರ ಕೆಳಗೆ ಬಾಯ್ಲರ್ ಮನೆ ಇರಲಿಲ್ಲ. ಇಟ್ಟಿಗೆ, ತಗಡು, ಸುಟ್ಟ ಹತ್ತಿ, ಅದರ ಮೇಲೆಲ್ಲ ಬಿಸಿನೀರು. ಬಾಯ್ಲರಿನ ಮುಂದಿನ ತಗಡು ರಸ್ತೆ ದಾಟಿ ಕೊಯ್ದ ಜೋಳದ ಹೊಲದಲ್ಲಿ ಬಿದ್ದಿತ್ತು. ಸತ್ತವರು ಮೂರು ಮಂದಿ. ಕಲ್ಲಪ್ಪಣ್ಣ, ಅವನಿಗೆ ಕಲ್ಲಿದ್ದಲು ಹಾಕಿಕೊಡುತ್ತಿದ್ದ ಫಕೀರಪ್ಪ, ಮತ್ತು ಬಾಯ್ಲರ್ ಮನೆಯ ಗೋಡೆಗೆ ಆನಿಕೊಂಡು ಹತ್ತಿ ಆರಿಸುತ್ತಿದ್ದ ಸಾವಂತ್ರವ್ವ. ರತ್ನವ್ವ ಜಿನ್ನಿನ ಶೆಡ್ಡಿನ ಆಚೆಯ ತುದಿಯಲ್ಲಿದ್ದಳು. ಎಡಗೈ ಬೆಂದು ಉಳಿದಳು. ಗಂಡನ ಮುಖ ನೋಡಲು ಅವಳನ್ನು ಬಿಡಲಿಲ್ಲ. ಬಿಡದಿದ್ದುದೇ ಒಳ್ಳೆಯದಾಯಿತೆಂದು ಅವನನ್ನು ನೋಡಿದವರೆಲ್ಲ ಹೇಳಿದರು. ನಾನು ಅವನ ಚಪ್ಪಲಿಯಿಂದ ಗುರುತಿಸಿದೆ.

ಮಾಮಾ ಆವತ್ತು ಹಗಲೆಲ್ಲ ಓಡಾಡಿದ. ಗಾಯಾಳುಗಳನ್ನು ಲಾರಿಯಲ್ಲಿ ಧಾರವಾಡಕ್ಕೆ ಕಳಿಸಿದ, ಬೆಂಕಿ ಆರಿಸಿದ, ಮೂರೂ ಮನೆಯ ಮಣ್ಣಿಗೆ ಹೋದ. ಕಲ್ಲಪ್ಪಣ್ಣನಿಗೆ ಮಣ್ಣು ಕೊಡುವಾಗ ಅವನು ಅತ್ತಷ್ಟು ಯಾರೂ ಅಳಲಿಲ್ಲ. ಆ ಅಳು ಸುಳ್ಳು ಎಂದು ಇವತ್ತಿಗೂ ನನಗೆ ಅನಿಸುವುದಿಲ್ಲ.

ಮೂರನೆಯ ದಿನದಿಂದ ಊರಿನಲ್ಲಿ ಮಾತು ಹೊರಟಿತು. ಕಲ್ಲಪ್ಪ ನಿದ್ದೆಗಣ್ಣಿನಲ್ಲಿದ್ದ, ನೀರು ನೋಡಲಿಲ್ಲ. ಕಲ್ಲಪ್ಪ ಕುಡಿದಿದ್ದ. ಜೀವಮಾನದಲ್ಲಿ ಕುಡಿದವನಲ್ಲ ಅವನು. ನಳದ ಕಟ್ಟೆಯಲ್ಲಿ ಒಬ್ಬಳು ನನಗೆ ಕೇಳಲೆಂದೇ, ಇಂಥವರ ಕೈಯಾಗ ಬಾಯ್ಲರ್ ಕೊಟ್ರ ಇನ್ನೇನಾಗತೈತಿ ಎಂದಳು. ಇಂಥವರು ಎಂದರೆ ಯಾರೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಕೊಡ ಅರ್ಧಕ್ಕೇ ಎತ್ತಿಕೊಂಡು ಬಂದೆ.

ರತ್ನವ್ವ ಬ್ಯಾಂಡೇಜು ಸುತ್ತಿದ ಕೈಯಲ್ಲೇ ಫಕೀರಪ್ಪನ ತಾಯಿ ಗಂಗವ್ವನನ್ನು ಮಾತಾಡಿಸಲು ಹೋದಳು. ಜೊತೆಗೆ ನಾನಿದ್ದೆ. ಗಂಗವ್ವ ಹೊಸ್ತಿಲು ದಾಟಿ ಬಂದು ನಿಂತಳು. ಕೂಗಲಿಲ್ಲ.

"ನಿನ್ನ ಗಂಡ ತಾನೂ ಹ್ವಾದ, ನನ್ನ ಮಗನ್ನೂ ಕರಕೊಂಡು ಹ್ವಾದ. ನನ್ನ ಬಾಗಲಾ ತುಳಿಬ್ಯಾಡ."

ರತ್ನವ್ವ ಮನೆಗೆ ಬಂದು ಗೋಡೆಗೆ ಆನಿ ಕೂತಳು. ಆಗ ನಾನು, ಟ್ರಂಕಿನಲ್ಲಿ ಆ ಅರ್ಜಿಯಿದೆ, ಇನ್‌ಸ್ಪೆಕ್ಟರ್ ಬಂದ ದಿನ ಎಲ್ಲ ಗೊತ್ತಾಗುತ್ತದೆ, ಅಣ್ಣನ ತಪ್ಪಿಲ್ಲವೆಂದು ಇದೇ ಗಂಗವ್ವನಿಗೂ ತಿಳಿಯುತ್ತದೆ ಎಂದು ಸಮಾಧಾನ ಹೇಳಿದೆ. ಆಕೆ ತಲೆ ಎತ್ತಿ ನನ್ನನ್ನು ನೋಡಿದ ರೀತಿ ನನಗೆ ಆಗ ಅರ್ಥವಾಗಲಿಲ್ಲ. ನೀನು ಕೊಡುತ್ತೀಯಾ ಎಂದಷ್ಟೇ ಕೇಳಿದಳು. ಕೊಡದೆ ಇರುತ್ತೇನೆಯೇ ಎಂದೆ.

ಬಾಯ್ಲರ್ ಒಡೆದು ಒಂಬತ್ತು ದಿನ ಬಿಟ್ಟು ವಿಚಾರಣೆ ಇತ್ತು. ಅದಕ್ಕೆ ಎರಡು ದಿನ ಮುಂಚೆ, ಶಾಲೆ ಬಿಡುವ ಹೊತ್ತಿಗೆ ಮಾಮಾ ಗೇಟಿನ ಹತ್ತಿರ ನಿಂತಿದ್ದ. ಮುಖ ಇಳಿದಿತ್ತು. ನಡೆಯುತ್ತ ನಡೆಯುತ್ತ ಕೇಳಿದ, ಕಲ್ಲಪ್ಪ ಅರ್ಜಿಯ ಇನ್ನೊಂದು ಪ್ರತಿ ಬರೆಸಿದ್ದನೇ ಎಂದು. ನನಗೆ ಜೀವ ಬಂದಂತಾಯಿತು. ಎಲ್ಲ ಹೇಳಿದೆ, ಪ್ರತಿ ನನ್ನ ಹತ್ತಿರವೇ ಇದೆ ಎಂದೂ ಹೇಳಿದೆ. ಮೇಲಿನ ಪ್ರತಿಯನ್ನು ಮಾಲೀಕರು ಒಪ್ಪುವುದಿಲ್ಲ, ಬಂದೇ ಇಲ್ಲ ಎನ್ನುತ್ತಾರೆ, ಅದಕ್ಕೆ ನಿನ್ನ ಪ್ರತಿ ಬೇಕು ಎಂದ ಮಾಮಾ. ನೀನು ಹೊಸದಾಗಿ ಸರಕಾರಿ ನೌಕರಿಗೆ ಸೇರಿದವಳು, ನಿನ್ನ ಕೈಯಿಂದ ಬಂದರೆ ನಾಳೆ ನಿನಗೆ ತೊಂದರೆ, ನಾನೇ ಸಾಹೇಬರ ಕೈಗೆ ಇಡುತ್ತೇನೆ ಎಂದ.

ಕೊಟ್ಟೆ. ಮನೆಗೆ ಹೋಗಿ ಟ್ರಂಕು ತೆರೆದು, ಹಾಜರಿ ಪುಸ್ತಕದೊಳಗಿನಿಂದ ತೆಗೆದು, ಧೂಳು ಹತ್ತಬಾರದೆಂದು ಒಂದು ವರ್ತಮಾನಪತ್ರಿಕೆಯಲ್ಲಿ ಸುತ್ತಿ ಕೊಟ್ಟೆ. ರತ್ನವ್ವ ದವಾಖಾನೆಗೆ ಹೋಗಿದ್ದಳು. ಅವಳು ಬರಲಿ ಎಂದು ಕಾಯಬೇಕೆಂದು ನನಗೆ ಅನಿಸಲೇ ಇಲ್ಲ. ಅನಿಸಲು ಕಾರಣವೇ ಇರಲಿಲ್ಲ. ಎತ್ತಿ ಆಡಿಸಿದವನು, ಫೀ ಕಟ್ಟಿದವನು, ನನ್ನ ಮೊದಲ ಪಗಾರಕ್ಕೆ ಅತ್ತವನು ಅವನು.

ವಿಚಾರಣೆ ನಡೆದದ್ದು ಫ್ಯಾಕ್ಟರಿಯ ಆಫೀಸಿನಲ್ಲೇ. ಬೆಳಗಾವಿಯಿಂದ ಬಂದ ಬಾಯ್ಲರ್ ಇನ್‌ಸ್ಪೆಕ್ಟರ್ ನಡುವಯಸ್ಸಿನ ಮನುಷ್ಯ. ಬಿಸಿಲಿನಲ್ಲಿ ಎರಡು ತಾಸು ತಗಡಿನ ತುಂಡುಗಳನ್ನು ಅಳೆದು ಬಂದು ಕೂತಿದ್ದ. ಮೇಜಿನ ಮೇಲೆ ವಾಲ್ವಿನ ಬಾಗಿದ ಸಲಾಕೆಯನ್ನೂ, ಅದಕ್ಕೆ ತಂತಿಯಿಂದ ಬಿಗಿದಿದ್ದ ಹಳೆಯ ರೈಲು ಹಳಿಯ ತುಂಡನ್ನೂ ಇಟ್ಟಿದ್ದರು. ಅದನ್ನು ನೋಡಿ ನನಗೆ ಸಮಾಧಾನವಾಯಿತು. ಕಬ್ಬಿಣ ಕಣ್ಣೆದುರಿಗಿದೆ, ಅರ್ಜಿಯೂ ಬಂದರೆ ಮುಗಿಯಿತು. ಬಾಗಿಲ ಹತ್ತಿರ ರತ್ನವ್ವ, ಗಂಗವ್ವ, ಸಾವಂತ್ರವ್ವನ ಗಂಡ ಬಸಪ್ಪ, ಇನ್ನಷ್ಟು ಮಂದಿ. ಮಾಲೀಕರು ಒಂದು ಮಗ್ಗುಲಿಗೆ ಕೂತಿದ್ದರು.

ಇನ್‌ಸ್ಪೆಕ್ಟರ್ ಆ ತುಂಡನ್ನು ತೋರಿಸಿ, ಇದನ್ನು ಕಟ್ಟಿದವರು ಯಾರೆಂದು ಮಾಮಾನನ್ನು ಕೇಳಿದ. ಮಾಮಾ ಅದನ್ನು ನೋಡಿದ.

"ಗೊತ್ತಿಲ್ಲರಿ ಸಾಹೇಬ್ರ. ಬಾಯ್ಲರ್ ಮನಿ ಕಲ್ಲಪ್ಪನ ಕೈಯಾಗ ಇತ್ತು."

ನಾನು ಕಾದೆ. ಈಗ ಜೇಬಿನಿಂದ ತೆಗೆಯುತ್ತಾನೆ, ಇನ್ನೊಂದು ಪ್ರಶ್ನೆಯಾದ ಮೇಲೆ ತೆಗೆಯುತ್ತಾನೆ ಎಂದು ಕಾದೆ. ಬಾಯ್ಲರಿನ ಸ್ಥಿತಿಯ ಬಗ್ಗೆ ಯಾರಾದರೂ ದೂರು ಕೊಟ್ಟಿದ್ದರೇ ಎಂದು ಇನ್‌ಸ್ಪೆಕ್ಟರ್ ಕೇಳಿದ. ಇಲ್ಲ ಎಂದ ಮಾಮಾ. ಆಗ ನನ್ನ ಕಾಲುಗಳು ತಾವೇ ಮುಂದೆ ಹೋದವು. ನನಗೆ ಒಂದು ಮಾತು ಹೇಳುವುದಿದೆ ಎಂದೆ. ಯಾರು ನೀವು ಎಂದು ಅವನು ಕೇಳಿದ. ಹೆಸರು, ಶಾಲೆ ಹೇಳಿ, ಕಲ್ಲಪ್ಪಣ್ಣನ ಅರ್ಜಿ ಬರೆದವಳು ನಾನೇ, ಅದರಲ್ಲಿ ಜಿನುಗುವ ತಗಡಿನ ಸಂಗತಿಯೂ ಈ ಕಬ್ಬಿಣದ ಸಂಗತಿಯೂ ಇತ್ತು ಎಂದೆ. ಪ್ರತಿ ಎಲ್ಲಿದೆ ಎಂದು ಇನ್‌ಸ್ಪೆಕ್ಟರ್ ಕೇಳಿದ.

"ಮಾಮಾನ ಕಡೆ ಐತ್ರಿ. ಮೊನ್ನೆ ನಾನ ಕೊಟ್ಟೇನಿ."

ಮಾಮಾ ಎದ್ದು ನಿಂತ. ನನ್ನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದೇ ನನ್ನನ್ನು ಹೆಚ್ಚು ಸುಟ್ಟದ್ದು.

"ನಮ್ಮ ಅಕ್ಕನ ಮಗಳ್ರಿ ಸಾಹೇಬ್ರ. ಕಲ್ಲಪ್ಪನ ಮನ್ಯಾಗ ಇದ್ದಾಕಿ, ಅವನ ಅನ್ನಾ ಉಂಡಾಕಿ. ದುಃಖದಾಗ ಅದಾಳ. ಆಕಿ ಅರ್ಜಿ ಬರದದ್ದು ಹೌದು. ಇಲ್ಲೈತಿ ನೋಡ್ರಿ."

ಜೇಬಿನಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟ. ಅದು ನನ್ನದೇ ಅಕ್ಷರ. ಕೆಳಗೆ ಕಲ್ಲಪ್ಪಣ್ಣನದೇ ಸಹಿ. ಸಂಕ್ರಾಂತಿಯ ಹೊತ್ತಿಗೆ, ಹೆಂಡತಿಯ ತಮ್ಮನ ಮದುವೆಗೆ ಹೋಗಬೇಕು, ಎರಡು ದಿನ ರಜೆ ಬೇಕು ಎಂದು ಅವನು ನನ್ನಿಂದ ಬರೆಸಿದ್ದ ಅರ್ಜಿ. ನನಗೆ ಮರೆತೇ ಹೋಗಿತ್ತು.

ಇನ್‌ಸ್ಪೆಕ್ಟರ್ ಅದನ್ನು ಓದಿ ನನ್ನ ಕಡೆ ತಿರುಗಿಸಿ, ಇದು ನಿಮ್ಮ ಅಕ್ಷರವೇ ಎಂದು ಕೇಳಿದ. ಹೌದು, ಆದರೆ ಅದು ಬೇರೆ ಎಂದೆ. ಬೇರೆಯದು ಎಲ್ಲಿ ಎಂದ. ನನ್ನ ಹತ್ತಿರ ಇಲ್ಲ ಎಂದೆ. ಅವನು ಒಳ್ಳೆಯವನಿರಬೇಕು. ಏನೋ ಬರೆದುಕೊಂಡ, ಇನ್ನೊಮ್ಮೆ ಮಾಮಾನನ್ನು ನೋಡಿದ, ಆಮೇಲೆ ನನಗೆ ಕೂಡಲು ಹೇಳಿದ. ಮಾಲೀಕರು ಗಡಿಯಾರ ನೋಡಿಕೊಂಡರು. ಬಾಗಿಲ ಕಡೆ ತಿರುಗಿದರೆ ಗಂಗವ್ವ ನನ್ನನ್ನು ಸುಳ್ಳಿಯನ್ನು ನೋಡುವಂತೆ ನೋಡುತ್ತಿದ್ದಳು. ರತ್ನವ್ವ ಅಲ್ಲಿರಲಿಲ್ಲ.

ಆವತ್ತೇ ಮಧ್ಯಾಹ್ನ ಮಾಮಾನ ಮನೆಗೆ ಹೋದೆ. ಮಾಮಿ ಮಕ್ಕಳನ್ನು ಕರೆದುಕೊಂಡು ಹಿತ್ತಲಿಗೆ ಹೋದಳು. ಅವನು ಕೋಟು ಬಿಚ್ಚಿ ಕಾಟಿನ ಮೇಲೆ ಕೂತಿದ್ದ. ಅರ್ಜಿ ಎಲ್ಲಿ ಎಂದು ಕೇಳಿದೆ. ಒಲೆಗೆ ಹಾಕಿದೆ ಎಂದ. ಮೊದಲನೆಯದು? ಅದು ಹುಬ್ಬಳ್ಳಿಗೆ ಹೋಗಲೇ ಇಲ್ಲ ಎಂದ. ಬಾಯ್ಲರ್ ನಿಲ್ಲಿಸಿದ್ದರೆ ಸೀಜನ್ ಮುಗಿಯುವವರೆಗೆ ಏಳುತ್ತಿರಲಿಲ್ಲ, ಪ್ರೆಸ್ಸಿನ ಕೆಲಸ ಒಂದು ದಿನ ತಡವಾದರೂ ಮಾಲೀಕರು ನನ್ನನ್ನೇ ಕೇಳುತ್ತಿದ್ದರು, ಹೇಗಾದರೂ ಮಳೆಗಾಲದವರೆಗೆ ನಡೆದೀತು ಎಂದುಕೊಂಡೆ ಎಂದ. ನಾನು ನಿಂತೇ ಇದ್ದೆ.

"ಆ ಕಬ್ಬಿಣಾ ಕಟ್ಟಂತ ಹೇಳಿದವರು ಯಾರು, ಮಾಮಾ?"

"ಯಾರೂ ಹೇಳಲಿಲ್ಲ. ನಾನ ಕಟ್ಟಿದೆ. ಕಲ್ಲಪ್ಪ ಒಮ್ಮೆ ಬಿಚ್ಚಿದ್ದ. ಮತ್ತ ನಾನ ಹೋಗಿ ಕಟ್ಟಿದೆ."

ಇಷ್ಟು ಹೊತ್ತು ಅವನು ಮಾಲೀಕರನ್ನು ಕಾಪಾಡುತ್ತಿದ್ದಾನೆ ಎಂದುಕೊಂಡಿದ್ದೆ. ಅವನು ಕಾದುಕೊಂಡದ್ದು ತನ್ನನ್ನೇ. ಹೆಸರು ಬ್ಯಾಡ್ರಿ ಅಕ್ಕೋರ ಎಂದು ಕಲ್ಲಪ್ಪಣ್ಣ ಯಾಕೆ ಹೇಳಿದನೆಂದು ಆಗ ತಿಳಿಯಿತು. ಅವನು ದಾದಾನ ಮಾನ ಕಾದ. ಸೋದರಸೊಸೆಯ ಕೈಯಿಂದ ಮಾವನ ಹೆಸರು ಬರೆಸಬಾರದೆಂದು ನನ್ನನ್ನೂ ಕಾದ.

ಮಾಮಾ ಮೆಲ್ಲಗೆ ಮಾತಾಡಿದ. ಕೇಳಬಾರದೆಂದುಕೊಂಡರೂ ಕೇಳಿದೆ.

"ಸುಶೀ, ಆ ಕುರ್ಚಿ ಮ್ಯಾಲ ನಮ್ಮವರು ಅಂತ ಕುಂತಾಂವ ನಾನ ಮೊದಲು. ನಾ ಜೇಲಿಗೆ ಹೋದ್ರ ಇನ್ನೊಬ್ಬನ್ನ ಕುಂಡ್ರಸತಾರೇನು? ಸತ್ತಾಂವ ಸತ್ತಾನ. ಇದ್ದವರ ವಿಚಾರ ಮಾಡು."

"ಕಲ್ಲಪ್ಪಣ್ಣ ನಮ್ಮವ ಅಲ್ಲೇನು?"

ಅವನು ಎದ್ದು ಕೋಟನ್ನು ಮೊಳೆಗೆ ಹಾಕಿದ. ನನ್ನನ್ನು ಓದಿಸಿದ್ದನ್ನು ಎತ್ತಿ ಆಡುತ್ತಾನೆ ಎಂದು ಹೆದರಿದ್ದೆ. ಅದನ್ನು ಆಡಲಿಲ್ಲ. ಆಡಿದ್ದರೆ ಸಿಟ್ಟು ಮಾಡಿ ಹೊರಬರುವುದು ಸುಲಭವಾಗುತ್ತಿತ್ತು.

ಮನೆಗೆ ಬಂದರೆ ರತ್ನವ್ವ ನನ್ನ ಟ್ರಂಕು, ಹಾಸಿಗೆ ಹೊರಗೆ ಕಟ್ಟೆಯ ಮೇಲೆ ಇಟ್ಟಿದ್ದಳು. ನಾನು ಏನೋ ಹೇಳಲು ಹೋದೆ. ಆಕೆ ಕೈ ಅಡ್ಡ ಹಿಡಿದಳು.

"ಅವರು ನನಗ ಹೇಳಿದ್ರು, ಕಬ್ಬಿಣಾ ಕಟ್ಟಿದಾಂವ ನಿಮ್ಮ ಮಾಮಾ ಅಂತ. ನೀ ಅರ್ಜಿ ಬರಿಯೂವಾಗ ನಿನಗೂ ಗೊತ್ತಿತ್ತಲ್ಲ ತಂಗಿ. ಗೊತ್ತಿದ್ದೂ ಅವನ ಕೈಗೇ ಕೊಟ್ಟಿ."

ನನಗೆ ಗೊತ್ತಿರಲಿಲ್ಲ ಎಂದೆ. ಎಷ್ಟು ಸಲ ಹೇಳಿದೆನೋ. ಅವಳು ಬಾಗಿಲು ಹಾಕಿಕೊಂಡಳು. ಮರುವಾರ ತವರೂರಿಗೆ, ಕಿತ್ತೂರಿನ ಹತ್ತಿರದ ದೇಗಾಂವಕ್ಕೆ ಹೋದಳೆಂದು ಓಣಿಯವರಿಂದ ತಿಳಿಯಿತು. ನಾನು ಶಾಲೆಯ ಹತ್ತಿರ ಒಂದು ಖೋಲಿ ಹಿಡಿದೆ.

ಮಳೆಗಾಲ ಮುಗಿದ ಮೇಲೆ ವರದಿ ಬಂತು. ಶಾಲೆಯ ಹೆಡ್ ಮಾಸ್ತರರು ಎಲ್ಲಿಂದಲೋ ತಿಳಿದು ನನಗೆ ಹೇಳಿದರು. ತಗಡು ಹೊರಮಗ್ಗುಲಿನಿಂದ ತುಕ್ಕು ಹಿಡಿದು ತೆಳುವಾಗಿತ್ತಂತೆ. ನೀರು ಕಡಿಮೆಯಾದ ಗುರುತು ಎಲ್ಲೂ ಇರಲಿಲ್ಲವಂತೆ. ಸೇಫ್ಟಿ ವಾಲ್ವಿಗೆ ಕಟ್ಟಿದ್ದ ಹೆಚ್ಚಿನ ಭಾರದಿಂದ ಉಗಿ ಮಿತಿಮೀರಿ ಒಡೆಯಿತಂತೆ. ಕಲ್ಲಪ್ಪಣ್ಣ ಬರೆಸಿದ್ದೆಲ್ಲ ಅದರಲ್ಲಿತ್ತು. ಕೊನೆಯ ಸಾಲು ಮಾತ್ರ ಬೇರೆ: ಆ ಭಾರವನ್ನು ಬಾಯ್ಲರ್ ನಡೆಸುವವನು ತನ್ನ ಮನಸ್ಸಿನಿಂದ ಕಟ್ಟಿದ್ದಾಗಿ ಕಂಡುಬರುತ್ತದೆ. ಮೂರು ಸಾವಿಗೂ ಅವನೇ ಹೊಣೆ.

ಮಾಮಾ ಕುರ್ಚಿಯ ಮೇಲೇ ಉಳಿದ. ಫ್ಯಾಕ್ಟರಿಗೆ ಕರೆಂಟಿನ ಮೋಟಾರುಗಳು ಬಂದವು. ದೀಪಾವಳಿಗೆ ಊರಿಗೆ ಹೋದಾಗ ನಾನು ಅವ್ವನಿಗೆ ಎಲ್ಲ ಹೇಳಿದೆ. ಅವಳು ಪೂರಾ ಕೇಳಿ, ನನ್ನ ತಮ್ಮ ಅಂಥವನಲ್ಲ ಎಂದು ಎದ್ದು ಹೋದಳು. ಆಮೇಲೆ ಅವ್ವ, ನಾನು ಒಂದೇ ಮನೆಯಲ್ಲಿ ಕೂತು ಉಂಡಿದ್ದೇವೆ, ಹಬ್ಬ ಮಾಡಿದ್ದೇವೆ. ಆದರೆ ನಮ್ಮಿಬ್ಬರ ನಡುವೆ ಏನೋ ಮುರಿದುಹೋಗಿತ್ತು.

ಡಿಸೆಂಬರಿನಲ್ಲಿ ನನಗೆ ಕಿತ್ತೂರಿಗೆ ಬದಲಿಯಾಯಿತು. ಕೇಳಿಕೊಂಡು ಹೋದದ್ದಲ್ಲ. ಆದರೆ ಆದೇಶದಲ್ಲಿದ್ದ ಊರಿನ ಹೆಸರನ್ನು ಎರಡು ಸಲ ಓದಿದೆ. ದೇಗಾಂವ ಅಲ್ಲಿಂದ ನಡೆದೇ ಹೋಗಬಹುದಾದ ಊರು. ಎರಡು ತಿಂಗಳು ಹೋಗಲಿಲ್ಲ. ಹೆದ್ದಾರಿಯ ಮೇಲೆ ಹತ್ತಿಯ ಲಾರಿಗಳು ಓಡಾಡತೊಡಗಿದಾಗ ಒಂದು ರವಿವಾರ ಹೊರಟೆ.

ಗುಡಿಯ ಹಿಂದಿನ ಹೊಲದಲ್ಲಿ ರತ್ನವ್ವ ಬೇರೆಯವರ ಹತ್ತಿ ಬಿಡಿಸುತ್ತಿದ್ದಳು. ಎಡಗೈಯ ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಬಲಗೈಯಿಂದಲೇ ಬಿಡಿಸಿ ಉಡಿಗೆ ಹಾಕುತ್ತಿದ್ದಳು. ನನ್ನನ್ನು ನೋಡಿದಳು, ಕೆಲಸ ನಿಲ್ಲಿಸಲಿಲ್ಲ. ನಾನೂ ಅವಳ ಸಾಲಿನಲ್ಲಿ ನಡೆಯುತ್ತ ಹೇಳಿದೆ. ಅವನು ಹೆಸರು ಬರೆಸದೇ ಇದ್ದದ್ದು, ನಾನು ಆಫೀಸೆಂದರೆ ಹುಬ್ಬಳ್ಳಿ ಎಂದುಕೊಂಡದ್ದು, ಮಾಮಾ ಗೇಟಿಗೆ ಬಂದದ್ದು, ಒಲೆಗೆ ಹಾಕಿದ್ದು, ತಾನೇ ಕಟ್ಟಿದೆನೆಂದು ಒಪ್ಪಿದ್ದು. ಸಾಲು ಮುಗಿಯುವವರೆಗೆ ಅವಳು ಹತ್ತಿ ಬಿಡಿಸುತ್ತಲೇ ಇದ್ದಳು. ಬದುವಿನ ಮೇಲೆ ಕೂತು ಉಡಿ ಬಿಚ್ಚಿ ಹತ್ತಿ ಸುರಿದಳು.

"ಇದನ್ನ ನೀ ಮತ್ತ ಯಾರ ಮುಂದ ಹೇಳೀದಿ?"

ಅವ್ವನ ಮುಂದೆ ಮಾತ್ರ ಎಂದೆ.

"ಕಾಗದ ಹ್ವಾದ್ರ ಹೋಗಲಿ. ಬಾಯಿ ಐತೆಲ್ಲ. ಆ ಎರಡು ಮನಿಗೆ ಬಂದು ಹೇಳತೀಯೇನು?"

ಮುಂದಿನ ರವಿವಾರ ಇಬ್ಬರೂ ಬೈಲಹೊಂಗಲದ ಬಸ್ಸು ಹತ್ತಿದೆವು. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮೊದಲು ಬಸಪ್ಪನ ಮನೆಗೆ ಹೋದೆವು. ಅವನು ಬಾಗಿಲಲ್ಲೇ ನಿಂತು ಅರ್ಧ ಕೇಳಿದ. ಮಾತು ಮುಗಿಯುವ ಮೊದಲೇ, ಆದದ್ದು ಆಗಿಹೋಯಿತು, ನಮ್ಮ ಹುಡುಗನಿಗೆ ಅಲ್ಲೇ ಕೆಲಸ ಕೊಟ್ಟಿದ್ದಾರೆ, ಇದನ್ನೆಲ್ಲ ಈಗ ಎತ್ತಬೇಡಿರಿ ಎಂದು ಒಳಗೆ ಹೋದ.

ಗಂಗವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ರತ್ನವ್ವ ಅಂಗಳದ ಹೊರಗೇ ನಿಂತಳು. ನಾನೂ ನಿಂತೆ. ಅಲ್ಲಿಂದಲೇ ಹೇಳತೊಡಗಿದೆ. ಗಂಗವ್ವ ಮೊರದಲ್ಲಿ ಕೇರುವುದನ್ನು ಬಿಡಲಿಲ್ಲ. ಕಲ್ಲಪ್ಪಣ್ಣ ಕಬ್ಬಿಣ ಬಿಚ್ಚಿದ್ದ, ಮತ್ತೆ ಕಟ್ಟಿದರು ಎಂಬ ಮಾತು ಬಂದಾಗ ಮೊರ ನಿಂತಿತು. ಬಾಯ್ಲರ್ ನಿಲ್ಲಿಸಬೇಕೆಂದು ಅವನು ಅರ್ಜಿ ಬರೆಸಿದ್ದ, ಅದನ್ನು 'ಅವರು' ಸುಟ್ಟರು ಎಂದೆ. ಅವರು ಎಂದರೆ ಯಾರು ಎಂದು ಕೇಳಿದಳು. ಸೂಪರ್‌ವೈಜರ್ ಎಂದೆ.

"ಅಂವ ನಿನಗ ಏನಾಗಬೇಕು?"

ವಿಚಾರಣೆಯ ದಿನ ಮಾಮಾನ ಬಾಯಿಂದಲೇ ಅವಳು ಅದನ್ನು ಕೇಳಿದ್ದಳು, ಈಗ ನನ್ನ ಬಾಯಿಂದ ಬರಲಿ ಎಂದು ಕೇಳಿದ್ದು. ಆ ದಿನದಿಂದ ಹೊರಗಿನವರ ಎದುರಿಗೂ, ನನ್ನ ಮನಸ್ಸಿನೊಳಗೂ ಸೂಪರ್‌ವೈಜರ್ ಎಂದೋ ಫ್ಯಾಕ್ಟರಿಯವರು ಎಂದೋ ಹೇಳಿಕೊಂಡಿದ್ದೆ.

"ನಮ್ಮ ಸ್ವಾದರಮಾವ್ರಿ. ನಮ್ಮ ಅವ್ವನ ತಮ್ಮ. ಅರ್ಜಿ ಅವನ ಕೈಗೆ ಕೊಟ್ಟಾಕಿ ನಾನರಿ."

ಗಂಗವ್ವ ಮೊರ ಕೆಳಗಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದಳು. ನನ್ನನ್ನು ನೋಡಲಿಲ್ಲ. ಅಂಗಳ ದಾಟಿ ಬಂದು ರತ್ನವ್ವನ ಬೆಂದ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಇನ್ನೊಂದು ಕೈ ಹಿಡಿದಳು.

"ನೀ ಒಳಗ ಬಾ," ಎಂದಳು. ನನಗೆ, "ನೀ ಅಲ್ಲೇ ನಿಂದ್ರು," ಎಂದಳು.

ಜಾತಿಯ ಕಾರಣಕ್ಕೆ ಹೊರಗೆ ನಿಲ್ಲುವುದು ನನಗೆ ಹೊಸದಾಗಿರಲಿಲ್ಲ. ಆವತ್ತು ನಿಂತದ್ದು ಅದಕ್ಕಲ್ಲ. ಅಂಗಳದ ಆಚೆ, ಹನ್ನೆರಡು ಗಂಟೆಯ ಬಿಸಿಲಿನಲ್ಲಿ ನಿಂತಿದ್ದೆ. ಒಳಗೆ ಮೊದಲು ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗಂಗವ್ವ ಅಳುವುದು ಕೇಳಿಸಿತು, ಅದರ ಹಿಂದೆ, ಒಂದು ವರ್ಷದಲ್ಲಿ ಮೊದಲ ಸಲ, ರತ್ನವ್ವ ದನಿ ಎತ್ತಿ ಅಳುವುದು.